ಅಚ್ಚಿಗೇ ಹೋಗದ ಮಸೂದೆ: ಸೆನೆಟರ್ ಮೇರಿ ರಾಬಿನ್‌ಸನ್ ಪ್ರಕರಣ

1971ರ ಜುಲೈ 7. ಡಬ್ಲಿನ್ ನಗರದ ಲೆನ್‌ಸ್ಟರ್ ಹೌಸ್. ಐರ್ಲೆಂಡಿನ ಸಂಸತ್ತು ಇರುವುದು ಅಲ್ಲೇ. ಅದರ ಮೇಲ್ಮನೆಯಲ್ಲಿ ಅವತ್ತು ಒಂದು ಮಸೂದೆ ಮತಕ್ಕೆ ಬಂತು. ಅದು ಪಾಸಾಗಬೇಕಾ ಬೇಡವಾ ಅನ್ನುವ ಮಾತು ಇನ್ನೂ ದೂರವೇ ಇತ್ತು. ಮಸೂದೆಯನ್ನು ಅಚ್ಚು ಹಾಕಿಸಿ ಸದಸ್ಯರ ಕೈಗೆ ಕೊಡಬೇಕಾ ಬೇಡವಾ, ಅಷ್ಟೇ ಪ್ರಶ್ನೆ. ಬೇಡ ಅಂದವರು 25. ಕೊಡಿ ಅಂದವರು 14. ಅಲ್ಲಿಗೆ ಅದರ ಕಥೆ ಮುಗಿಯಿತು. ಗರ್ಭನಿರೋಧಕಗಳ ಮೇಲಿನ ನಿಷೇಧ ಸಡಿಲಿಸಲು ಬರೆದ ಆ ಮಸೂದೆ ಸದನದ ಅಚ್ಚುಮನೆ ಕಾಣಲೇ ಇಲ್ಲ.

ಅದನ್ನು ಮಂಡಿಸಲು ಹೊರಟವರು ಆ ಮೇಲ್ಮನೆಯ ಸದಸ್ಯೆ, ಅಂದರೆ ಸೆನೆಟರ್, ಮೇರಿ ರಾಬಿನ್‌ಸನ್. ಆಗ ವಯಸ್ಸು 27. ಮುಂದೆ ಅವರು ಐರ್ಲೆಂಡಿನ ಮೊದಲ ಮಹಿಳಾ ರಾಷ್ಟ್ರಪತಿ ಆದರು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಹೈಕಮಿಷನರ್ ಆದರು. ಆ ಭಾಗ ಬಹಳ ಜನಕ್ಕೆ ಗೊತ್ತು. ನನಗೆ ಕುತೂಹಲ ಇರುವುದು ಅದಕ್ಕೂ ಹಿಂದಿನ ಸೋಲುಗಳ ಬಗ್ಗೆ. ಇದೇ ವಿಷಯದ ಮೇಲೆ ಅವರ ಮಸೂದೆ ಬಿದ್ದದ್ದು ಒಂದು ಸಲ ಅಲ್ಲ, ಮೂರು ಸಲ. ಆದರೂ ಇಪ್ಪತ್ತು ವರ್ಷ ಐರ್ಲೆಂಡಿನ ಸರ್ಕಾರಗಳು ಓಡಾಡಿದ್ದು ಆ ಬಿದ್ದ ಮಸೂದೆಯ ಸುತ್ತಲೇ.

ಮೊದಲು ಕಾನೂನು ಏನಿತ್ತು ನೋಡೋಣ. 1929ರಲ್ಲಿ ಐರ್ಲೆಂಡ್ ಪುಸ್ತಕ, ಪತ್ರಿಕೆಗಳ ಮೇಲೆ ಸೆನ್ಸಾರ್ ಕಾಯ್ದೆ ತಂದಿತು. ಗರ್ಭನಿರೋಧಕ ಬಳಸಿ ಎಂದು ಹೇಳುವ ಪುಸ್ತಕ ಅಚ್ಚು ಮಾಡುವುದು, ಮಾರುವುದು ಅಪರಾಧ ಆಯಿತು. 1935ರಲ್ಲಿ ಅಪರಾಧ ಕಾನೂನಿಗೆ ತಿದ್ದುಪಡಿ ಬಂತು. ಅದರ 17ನೇ ಸೆಕ್ಷನ್ ಗರ್ಭನಿರೋಧಕಗಳ ಮಾರಾಟವನ್ನೂ ಆಮದನ್ನೂ ನಿಷೇಧಿಸಿತು. ಇಲ್ಲೊಂದು ವಿಚಿತ್ರ ಇದೆ. ಬಳಸುವುದು ಅಪರಾಧ ಅಲ್ಲ! ಕೊಳ್ಳಲು ಅಂಗಡಿಯಲ್ಲಿ ಇಲ್ಲ, ಹೊರಗಿನಿಂದ ತರಿಸುವ ಹಾಗಿಲ್ಲ, ಅದರ ಬಗ್ಗೆ ಓದುವ ಹಾಗೂ ಇಲ್ಲ. ಆದರೆ ಹೇಗೋ ನಿಮ್ಮ ಕೈಗೆ ಬಂದು ಬಿಟ್ಟರೆ ಬಳಸಿಕೊಳ್ಳಿ.

ಕನ್ನಡ ಓದುಗರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. 1930ರಲ್ಲಿ, ಅಂದರೆ ಐರ್ಲೆಂಡಿನ ಈ ಎರಡು ಕಾಯ್ದೆಗಳ ನಡುವೆ, ನಮ್ಮ ಮೈಸೂರು ಸಂಸ್ಥಾನದ ಸರ್ಕಾರ ತನ್ನದೇ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಒಪ್ಪಿಗೆ ಕೊಟ್ಟಿತ್ತು. ಇನ್ನು 1968ರಲ್ಲಿ ಭಾರತ ಸರ್ಕಾರ ನಿರೋಧ್ ಮಾರಾಟಕ್ಕೆ ಬಿಟ್ಟಿತು. ಮೂರಕ್ಕೆ 15 ಪೈಸೆ. ಆರತಿಗೊಬ್ಬಳು ಮಗಳು, ಕೀರ್ತಿಗೊಬ್ಬ ಮಗ ಎಂದು ಇಲ್ಲಿ ಗೋಡೆ ಗೋಡೆಗೂ ಬರೆಯುತ್ತಿದ್ದ ಕಾಲ ಅದು. ಯುರೋಪಿನ ಒಂದು ದೇಶದಲ್ಲಿ ಅದೇ ವಸ್ತುವನ್ನು ಮಾರಿದರೆ ಪೊಲೀಸ್ ಕೇಸ್ ಆಗುತ್ತಿತ್ತು ಅಂದರೆ ನಂಬುವುದು ಕಷ್ಟ, ಅಲ್ವಾ?

ಜನ ಸುಮ್ನೆ ಕೂತಿರಲಿಲ್ಲ. ಕಾನೂನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರಿದರು. ಗರ್ಭ ತಡೆಯುವ ಮಾತ್ರೆಯನ್ನು ಡಾಕ್ಟರುಗಳು ಮುಟ್ಟು ಸರಿಮಾಡುವ ಔಷಧಿ ಎಂದು ಬರೆದುಕೊಟ್ಟರು. ಆ ಚೀಟಿಗೆ ಕಾನೂನಿನ ಅಡ್ಡಿ ಇರಲಿಲ್ಲ. 1969ರಲ್ಲಿ ಡಬ್ಲಿನ್‌ನಲ್ಲಿ ಕೆಲವು ಡಾಕ್ಟರುಗಳೂ ಅವರ ಜೊತೆಗಾರರೂ ಸೇರಿ ಒಂದು ಸಲಹಾ ಕೇಂದ್ರ ತೆರೆದರು. ನಿಷೇಧ ಇದ್ದದ್ದು ಮಾರಾಟಕ್ಕೆ ತಾನೇ? ಇವರು ಪುಕ್ಕಟೆ ಕೊಟ್ಟರು, ಬಂದವರು ದೇಣಿಗೆ ಕೊಟ್ಟು ಹೋದರು. ಆದರೆ ಈ ದಾರಿಗಳೆಲ್ಲ ಇದ್ದದ್ದು ಪಟ್ಟಣದವರಿಗೆ, ಓದಿದವರಿಗೆ, ಗೊತ್ತಿರುವ ಡಾಕ್ಟರ್ ಇದ್ದವರಿಗೆ. ಹಳ್ಳಿಯ ಬಡ ಹೆಂಗಸಿಗೆ ಇದ್ದದ್ದು ಕ್ಯಾಥೊಲಿಕ್ ಚರ್ಚ್‌ನ ಮಾತು ಒಂದೇ. ಆ ಮಾತು ಏನು ಅನ್ನುವುದನ್ನು 1968ರ ಜುಲೈನಲ್ಲಿ ಪೋಪ್ ಆರನೇ ಪಾಲ್ ಮತ್ತೆ ಸ್ಪಷ್ಟ ಮಾಡಿದ್ದರು: ಕೃತಕ ವಿಧಾನ ಯಾವುದೂ ಕೂಡದು.

ಆ ಕುರ್ಚಿಗೆ ಇದ್ದ ಬಲ

ಐರ್ಲೆಂಡಿನ ಮೇಲ್ಮನೆಯ ಹೆಸರು ಶ್ಯಾನಡ್. ಕೆಳಮನೆ ಡಾಯ್ಲ್. ಶ್ಯಾನಡ್‌ನಲ್ಲಿ 60 ಸ್ಥಾನ. 11 ಜನರನ್ನು ಪ್ರಧಾನಿ ನೇಮಿಸುತ್ತಾರೆ. 43 ಸ್ಥಾನ ಬೇರೆ ಬೇರೆ ವೃತ್ತಿ ಕ್ಷೇತ್ರಗಳ ಹೆಸರಿನಲ್ಲಿ ತುಂಬುತ್ತವೆ, ನಿಜದಲ್ಲಿ ಅದು ಪಕ್ಷಗಳ ಲೆಕ್ಕಾಚಾರವೇ. ಆ ಕಾಲದಲ್ಲಿ ಉಳಿದ 6 ಸ್ಥಾನಕ್ಕೆ ವಿಶ್ವವಿದ್ಯಾಲಯಗಳ ಪದವೀಧರರು ಮತ ಹಾಕುತ್ತಿದ್ದರು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರ ನೆನಪಾಗುತ್ತದೆ. ಹೋಲಿಕೆ ಬರೀ ಕಾಕತಾಳೀಯ ಅಲ್ಲ. ರಾಜ್ಯಸಭೆಗೆ 12 ಜನರನ್ನು ನಾಮಕರಣ ಮಾಡುವ ಪದ್ಧತಿಯನ್ನೂ, ರಾಜ್ಯ ನೀತಿಯ ನಿರ್ದೇಶಕ ತತ್ವಗಳನ್ನೂ ನಮ್ಮ ಸಂವಿಧಾನ ಬರೆದವರು ಐರ್ಲೆಂಡಿನಿಂದಲೇ ತಂದದ್ದು.

ಶ್ಯಾನಡ್‌ಗೆ ಅಧಿಕಾರ ಕಡಿಮೆ. ಒಂದು ಮಸೂದೆಯನ್ನು 90 ದಿನ ತಡೆಯಬಹುದು, ಹಣಕಾಸಿನದ್ದಾದರೆ 21 ದಿನ. ಈ ಮನೆ ಯಾಕೆ ಬೇಕು ಎಂಬ ಪ್ರಶ್ನೆ ಅಲ್ಲೂ ಇದೆ. 2013ರಲ್ಲಿ ಅದನ್ನು ಮುಚ್ಚೋಣವೇ ಎಂದು ಜನಮತ ಕೇಳಿದರು. ಮುಚ್ಚುವುದು ಬೇಡ ಅಂದವರು ಶೇ. 51.7. ಕೂದಲೆಳೆಯಲ್ಲಿ ಉಳಿಯಿತು.

ಆದರೆ ಈ ಪ್ರಕರಣದಲ್ಲಿ ಆ 6 ಸ್ಥಾನಗಳೇ ಮುಖ್ಯ. ರಾಬಿನ್‌ಸನ್ 1969ರಲ್ಲಿ ಗೆದ್ದದ್ದು ಡಬ್ಲಿನ್‌ನಲ್ಲಿರುವ, ಪ್ರಾಟೆಸ್ಟೆಂಟ್ ಸಂಪ್ರದಾಯದ ಟ್ರಿನಿಟಿ ಕಾಲೇಜಿನ ಪದವೀಧರರ ಮತದಿಂದ, ಪಕ್ಷೇತರರಾಗಿ. ಅವರಿಗೆ ವಿಪ್ ಕೊಡುವವರು ಇಲ್ಲ. ಅವರ ಮತದಾರರಲ್ಲಿ ಪ್ರಾಟೆಸ್ಟೆಂಟರು ಜಾಸ್ತಿ, ಹೊರದೇಶದಲ್ಲಿ ನೆಲೆಸಿದವರೂ ಇದ್ದರು. ಭಾನುವಾರ ಬಿಷಪ್ ಏನು ಹೇಳಿದರು ಅನ್ನುವುದರ ಮೇಲೆ ಅವರ ಸೀಟು ನಿಂತಿರಲಿಲ್ಲ. ಪಶ್ಚಿಮದ ಒಂದು ಹಳ್ಳಿ ಕ್ಷೇತ್ರದಿಂದ ಗೆದ್ದ ಶಾಸಕರಿಗೆ ಈ ಸ್ವಾತಂತ್ರ್ಯ ಎಲ್ಲಿ ಬರಬೇಕು? ಧೈರ್ಯ ಅವರದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಧೈರ್ಯಕ್ಕೆ ಕಾಲೂರಲು ಒಂದು ಜಾಗ ಇತ್ತು ಅನ್ನುವುದನ್ನೂ ಬರೆದಿಡಬೇಕು. ಅವರನ್ನು ಹೊಗಳುವ ಬರಹಗಳಲ್ಲಿ ಈ ಅಂಶ ಹೆಚ್ಚಾಗಿ ಬಿಟ್ಟು ಹೋಗುತ್ತದೆ.

ಹಾಗಂತ ಅವರು ಹೊರಗಿನವರೇನಲ್ಲ. ಮೇಯೋ ಕೌಂಟಿಯ ಬ್ಯಾಲಿನಾ ಊರಿನವರು. ಅಪ್ಪ ಅಮ್ಮ ಇಬ್ಬರೂ ಡಾಕ್ಟರುಗಳು, ಮನೆತುಂಬ ಕ್ಯಾಥೊಲಿಕ್ ಭಕ್ತಿ. ನಾಲ್ಕು ಜನ ಗಂಡುಮಕ್ಕಳ ನಡುವೆ ಒಬ್ಬಳೇ ಹೆಣ್ಣುಮಗಳು. ಆಗ ಕ್ಯಾಥೊಲಿಕ್ ಮಕ್ಕಳು ಟ್ರಿನಿಟಿಗೆ ಸೇರಬೇಕಾದರೆ ಡಬ್ಲಿನ್‌ನ ಆರ್ಚ್‌ಬಿಷಪ್ ಜಾನ್ ಚಾರ್ಲ್ಸ್ ಮೆಕ್ವೇಡ್ ಅವರ ಅನುಮತಿ ಬೇಕಿತ್ತು. ಇವರ ತಂದೆ ಹೋಗಿ ಆ ಅನುಮತಿ ತಂದರು. ಅದೇ ಮೆಕ್ವೇಡ್ ಈ ಕಥೆಯಲ್ಲಿ ಮತ್ತೆ ಬರುತ್ತಾರೆ. ಹಾರ್ವರ್ಡ್‌ನಲ್ಲಿ ಒಂದು ವರ್ಷ ಕಾನೂನು ಓದಿ ಬಂದು, 25ನೇ ವಯಸ್ಸಿಗೆ ಟ್ರಿನಿಟಿಯಲ್ಲಿ ಕಾನೂನು ಪ್ರಾಧ್ಯಾಪಕಿ ಆದರು. ಅದೇ ವರ್ಷ ಸೆನೆಟರ್ ಕೂಡ ಆದರು.

ಮೂರು ಸಹಿ, ಒಂದು ಶಾಪ

1971ರ ಆರಂಭದಲ್ಲಿ ಅವರ ಜೊತೆ ಇಬ್ಬರು ಸೇರಿದರು. ಪತ್ರಕರ್ತ ಜಾನ್ ಹೋರ್ಗನ್ ಮತ್ತು ಟ್ರಿನಿಟಿಯಲ್ಲಿ ಗಣಿತ ಕಲಿಸುತ್ತಿದ್ದ ಟ್ರೆವರ್ ವೆಸ್ಟ್. ಇಬ್ಬರೂ ವಿಶ್ವವಿದ್ಯಾಲಯ ಸ್ಥಾನದ ಸೆನೆಟರುಗಳೇ. ಮೂವರೂ ಸಹಿ ಹಾಕಿ ಮಸೂದೆ ಕೊಟ್ಟರು. 1935ರ ಕಾಯ್ದೆಯನ್ನೂ ಸೆನ್ಸಾರ್ ಕಾಯ್ದೆಗಳನ್ನೂ ತಿದ್ದುವುದು ಅದರ ಉದ್ದೇಶ.

ರಾಬಿನ್‌ಸನ್ ಇಟ್ಟ ವಾದ ವಕೀಲರ ವಾದ. ಗರ್ಭನಿರೋಧಕ ಒಳ್ಳೆಯದು ಎಂದು ಅವರು ಹೇಳಲು ಹೋಗಲಿಲ್ಲ. ಒಂದು ಧರ್ಮ ಪಾಪ ಎಂದದ್ದನ್ನೆಲ್ಲ ದೇಶದ ಕಾನೂನು ಅಪರಾಧ ಎನ್ನಬೇಕೇ, ಇದು ಅವರ ಪ್ರಶ್ನೆ. ಆ ಧರ್ಮಕ್ಕೆ ಸೇರದ ನಾಗರಿಕರ ಗತಿ ಏನು? ಬ್ರಿಟನ್ ಆಳ್ವಿಕೆಯಲ್ಲಿರುವ ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟರಿಗೆ ನಮ್ಮ ಜೊತೆ ಬನ್ನಿ ಎಂದು ಕರೆಯುವ ದೇಶ, ಇಂಥ ಕಾನೂನು ಇಟ್ಟುಕೊಂಡು ಯಾವ ಮುಖದಲ್ಲಿ ಕರೆಯುತ್ತದೆ? ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಆಗ ಗುಂಡು, ಬಾಂಬುಗಳ ಸದ್ದು ಶುರುವಾಗಿತ್ತು. ಆ ಮಾತಿಗೆ ತೂಕ ಇತ್ತು.

ಸರ್ಕಾರ ಇದ್ದದ್ದು ಫಿಯನಾ ಫಾಲ್ ಪಕ್ಷದ್ದು, ಪ್ರಧಾನಿ ಜ್ಯಾಕ್ ಲಿಂಚ್. ಅವರು ಮಸೂದೆಯನ್ನು ನೇರ ವಿರೋಧಿಸುವ ಗೋಜಿಗೆ ಹೋಗಲಿಲ್ಲ. ಇವತ್ತು ನಾಳೆ ಎಂದು ತಿಂಗಳುಗಟ್ಟಲೆ ತಳ್ಳಿದರು. ಖಾಸಗಿ ಮಸೂದೆಗೆ ಮೊದಲ ವಾಚನದ ಒಪ್ಪಿಗೆ ಸಿಕ್ಕರೆ ಮಾತ್ರ ಅದು ಅಚ್ಚಾಗುತ್ತದೆ, ಅಚ್ಚಾದರೆ ಮಾತ್ರ ಎರಡನೇ ವಾಚನದಲ್ಲಿ ಚರ್ಚೆ. ಬಾಗಿಲಲ್ಲೇ ತಡೆದರೆ ಒಳಗೆ ಏನಿದೆ ಎಂದು ನೋಡುವ ತಾಪತ್ರಯವೇ ಇಲ್ಲ.

ಈ ನಡುವೆ ಮಾರ್ಚ್‌ನಲ್ಲಿ ಆರ್ಚ್‌ಬಿಷಪ್ ಮೆಕ್ವೇಡ್ ಪತ್ರ ಬರೆದರು. ಡಬ್ಲಿನ್‌ನ ಚರ್ಚ್‌ಗಳಲ್ಲಿ ಭಾನುವಾರದ ಪೂಜೆಯಲ್ಲಿ ಅದನ್ನು ಓದಿದರು. ಅಂಥ ಕಾನೂನು ಬಂದರೆ ಅದು ದೇಶಕ್ಕೆ ಶಾಪ ಎಂದು ಅದರಲ್ಲಿತ್ತು. ಮಗಳನ್ನು ಓದಿಸಲು ಅಪ್ಪ ಯಾರ ಅನುಮತಿ ಕೇಳಿ ತಂದಿದ್ದರೋ, ಅವರ ಬಾಯಿಂದಲೇ ಈ ಮಾತು.

ಆಮೇಲೆ ಅಂಚೆ ಬರಲು ಶುರುವಾಯಿತು. ಬೈಗುಳದ ಪತ್ರಗಳು. ಕೆಲವರು ಕೈಗವಸಿನ ಬೆರಳು ಕತ್ತರಿಸಿ ಲಕೋಟೆಯಲ್ಲಿಟ್ಟು ಕಳಿಸಿದರು. ಅದರ ಅರ್ಥ ವಿವರಿಸಬೇಕಿಲ್ಲ. ಹೊಸದಾಗಿ ಮದುವೆಯಾಗಿದ್ದ ಪತಿ ನಿಕೋಲಸ್ ಆ ಪತ್ರಗಳನ್ನೆಲ್ಲ ಸುಟ್ಟು ಹಾಕಿದರು. ಸುಡಬಾರದಿತ್ತು, ಇಟ್ಟುಕೊಳ್ಳಬೇಕಿತ್ತು ಎಂದು ರಾಬಿನ್‌ಸನ್ ಎಷ್ಟೋ ವರ್ಷದ ನಂತರ ಹೇಳಿಕೊಂಡಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಒಂದು ನೀತಿಗೆ ಎದುರಾದ ವಿರೋಧ ಎಂಥದ್ದು ಎಂಬುದಕ್ಕೆ ಸದನದ ಕಡತಕ್ಕಿಂತ ಅಂಥ ಲಕೋಟೆಗಳೇ ಒಳ್ಳೆಯ ಸಾಕ್ಷಿ.

ಸದನದ ಒಳಗೆ ಬಾಗಿಲು ಮುಚ್ಚಿದ್ದರೆ, ಹೊರಗೆ ರೈಲು ಹೊರಟಿತ್ತು. ಮೇ 22ರ ಶನಿವಾರ ಮಹಿಳಾ ವಿಮೋಚನಾ ಚಳವಳಿಯ 47 ಜನ ಹೆಂಗಸರು ಡಬ್ಲಿನ್‌ನಿಂದ ಬೆಲ್‌ಫಾಸ್ಟ್‌ಗೆ ರೈಲು ಹತ್ತಿದರು. ಅಲ್ಲಿ ಬ್ರಿಟಿಷ್ ಕಾನೂನು, ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಮಾತ್ರೆಗೆ ಡಾಕ್ಟರ್ ಚೀಟಿ ಬೇಕು ಎಂದು ಅಂಗಡಿಯವರು ಹೇಳಿದಾಗ ಪೇಚಿಗೆ ಬಿತ್ತು. ಪತ್ರಕರ್ತೆ ನೆಲ್ ಮೆಕ್‌ಕ್ಯಾಫರ್ಟಿ ಉಪಾಯ ಹುಡುಕಿದರು: ಆಸ್ಪಿರಿನ್ ಕೊಳ್ಳೋಣ, ಸುಂಕದವರಿಗೆ ಏನು ಗೊತ್ತಾಗುತ್ತದೆ? ವಾಪಸ್ ಬಂದು ಡಬ್ಲಿನ್ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳ ಎದುರೇ ಆಸ್ಪಿರಿನ್ ನುಂಗಿ ತೋರಿಸಿದರು. ಅಧಿಕಾರಿಗಳು ಮುಖ ತಗ್ಗಿಸಿ ದಾರಿ ಬಿಟ್ಟರು. ಕಾನೂನು ಇದೆ, ಆದರೆ ಅದನ್ನು ನಡೆಸುವ ಕೈ ನಡುಗುತ್ತಿದೆ ಎಂದು ಇಡೀ ದೇಶ ನೋಡಿತು.

ಇದಾಗಿ ಆರೂವರೆ ವಾರಕ್ಕೆ ಜುಲೈ 7ರ ಮತದಾನ. 25ಕ್ಕೆ 14.

ಸರ್ಕಾರ ಅಲ್ಲೇ ಎಡವಿತು ಅನ್ನುವುದು ನನ್ನ ಅಭಿಪ್ರಾಯ. ಅಚ್ಚು ಹಾಕಿಸಿ, ಎರಡು ದಿನ ಚರ್ಚೆ ಮಾಡಿ, ಸೋಲಿಸಿದ್ದರೆ ಅದು ಮೂವರು ಸೆನೆಟರುಗಳ ಒಂದು ಸೋತ ಮಸೂದೆ ಆಗಿರುತ್ತಿತ್ತು. ಓದಲೂ ಬಿಡಲಿಲ್ಲ ಎಂದಾಗ ಅದೇ ಸುದ್ದಿಯಾಯಿತು. ಇನ್ನೊಂದು ಕಡೆ, ರಾಬಿನ್‌ಸನ್ ಅವರ ಲೆಕ್ಕವೂ ತಪ್ಪಿತ್ತು. ತರ್ಕ ಸರಿ ಇದ್ದರೆ ಸದನ ಕೇಳುತ್ತದೆ ಎಂದು ನಂಬುವುದು ಪ್ರಾಧ್ಯಾಪಕರ ತಪ್ಪು. ಆ ಮೊದಲ ಸುತ್ತಿನಲ್ಲಿ ಅವರ ಬಳಿ ಕಾನೂನಿನ ವಾದ ಇತ್ತು, ಒಬ್ಬ ಹೆಂಗಸಿನ ಕಥೆ ಇರಲಿಲ್ಲ.

ಆ ಹೆಂಗಸು ಬಂದದ್ದು ನ್ಯಾಯಾಲಯದಿಂದ

ಮೇರಿ ಮೆಗೀ, ಡಬ್ಲಿನ್ ಕೌಂಟಿಯ ಕರಾವಳಿಯಲ್ಲಿ ವಾಸ. ಗಂಡ ಮೀನುಗಾರ. ನಾಲ್ಕು ಮಕ್ಕಳು, ಕೊನೆಯ ಎರಡು ಅವಳಿ. ಹೆರಿಗೆ ಹೆರಿಗೆಗೂ ಜೀವಕ್ಕೆ ಕಂಟಕ. ಒಮ್ಮೆ ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮತ್ತೆ ಬಸುರಾದರೆ ಬದುಕುವುದು ಕಷ್ಟ ಎಂದು ಡಾಕ್ಟರ್ ಹೇಳಿದರು. ಮಾತ್ರೆ ಆಕೆಗೆ ಅಪಾಯ, ಹಾಗಾಗಿ ಡಯಾಫ್ರಾಮ್ (ಗರ್ಭಕೋಶದ ಬಾಯಿ ಮುಚ್ಚುವ ರಬ್ಬರ್ ಮುಚ್ಚಳ) ಮತ್ತು ಅದಕ್ಕೆ ಹಚ್ಚುವ ಜೆಲ್ಲಿ ಬರೆದುಕೊಟ್ಟರು. ಜೆಲ್ಲಿ ಇಂಗ್ಲೆಂಡಿನಿಂದ ಅಂಚೆಯಲ್ಲಿ ಬರಬೇಕಿತ್ತು. ದಾರಿಯಲ್ಲೇ ಕಸ್ಟಮ್ಸ್ ಅದನ್ನು ಹಿಡಿದಿಟ್ಟುಕೊಂಡಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ ಎಂಬ ಗಾದೆ ನಮ್ಮಲ್ಲಿದೆ. ಮೆಗೀ ದಂಪತಿ ಸುಂಕದವನ ಮುಂದೆ ನಿಲ್ಲಲಿಲ್ಲ, ಸರ್ಕಾರದ ಮೇಲೆಯೇ ಕೇಸ್ ಹಾಕಿದರು. ಹೆಂಡತಿಯ ಗೋರಿಯ ಮೇಲೆ ಹೂವಿಡುವುದಕ್ಕಿಂತ ಅವಳು ಗರ್ಭನಿರೋಧಕ ಬಳಸುವುದೇ ನನಗೆ ಮೇಲು ಎಂದು ಗಂಡ ಕೋರ್ಟಿನಲ್ಲಿ ಹೇಳಿದ. ಹೈಕೋರ್ಟಿನಲ್ಲಿ ಸೋತರು. 1973ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಐದರಲ್ಲಿ ನಾಲ್ಕು ನ್ಯಾಯಮೂರ್ತಿಗಳು, ಗಂಡ ಹೆಂಡತಿಯ ಖಾಸಗಿ ಬದುಕಿನಲ್ಲಿ ಕಾನೂನು ಹೀಗೆ ಕೈ ಹಾಕುವುದು ಸಂವಿಧಾನಕ್ಕೆ ವಿರುದ್ಧ ಎಂದರು. ಇನ್ನು ಮೇಲೆ ಸ್ವಂತ ಬಳಕೆಗೆ ತರಿಸಿಕೊಳ್ಳಬಹುದು. ಆದರೆ ಮಾರುವುದು ಇನ್ನೂ ಅಪರಾಧ!

ಈ ತೀರ್ಪಿನಿಂದ ಒಂದು ಕವಲು ಒಡೆಯಿತು. ಅದು ಕರ್ನಾಟಕದವರೆಗೆ ಬರುತ್ತದೆ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಅದೇ ವರ್ಷ ಅಮೆರಿಕದಲ್ಲಿ ಖಾಸಗಿತನದ ಹಕ್ಕಿನ ಆಧಾರದ ಮೇಲೆ ಗರ್ಭಪಾತಕ್ಕೆ ಕೋರ್ಟ್ ದಾರಿ ತೆರೆದಿತ್ತು. ಮೆಗೀ ತೀರ್ಪು ಹಿಡಿದುಕೊಂಡು ಇಲ್ಲೂ ಹಾಗೇ ಆದರೆ ಎಂದು ಸಂಪ್ರದಾಯವಾದಿಗಳು ಹೆದರಿದರು. 1983ರಲ್ಲಿ ಜನಮತ ಕೇಳಿ, ಹುಟ್ಟದ ಮಗುವಿಗೆ ತಾಯಿಯಷ್ಟೇ ಜೀವದ ಹಕ್ಕು ಎಂದು ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ಸೇರಿಸಿದರು. ರಾಬಿನ್‌ಸನ್ ಅದನ್ನು ವಿರೋಧಿಸಿದ್ದರು. 2012ರ ಅಕ್ಟೋಬರ್ 28ರಂದು ಗಾಲ್ವೇ ಪಟ್ಟಣದಲ್ಲಿ ಬೆಳಗಾವಿಯ ಹೆಣ್ಣುಮಗಳು ಸವಿತಾ ಹಾಲಪ್ಪನವರ ತೀರಿಕೊಂಡರು. ದಂತವೈದ್ಯೆ, ವಯಸ್ಸು 31. ಗರ್ಭ ನಿಲ್ಲುವುದಿಲ್ಲ ಎಂದು ಗೊತ್ತಾದ ಮೇಲೂ, ಕೇಳಿಕೊಂಡ ಮೇಲೂ, ಭ್ರೂಣದ ಎದೆಬಡಿತ ಇದೆ ಎಂದು ಗರ್ಭಪಾತ ಮಾಡಲಿಲ್ಲ. ನಂಜು ಏರಿತು. 2018ರ ಮೇ 25ರ ಜನಮತದಲ್ಲಿ ಶೇ. 66.4 ಜನ ಎಂಟನೇ ತಿದ್ದುಪಡಿಯನ್ನು ಕಿತ್ತು ಹಾಕಿದರು. ಅದಕ್ಕೆ ಮುಂಚೆ ಬೆಳಗಾವಿಯಿಂದ ಸವಿತಾ ಅವರ ತಂದೆ ಐರ್ಲೆಂಡಿನ ಜನರಿಗೆ ಮನವಿ ಮಾಡಿಕೊಂಡಿದ್ದರು. 1973ರ ತೀರ್ಪು ಬಂದಾಗ ಸವಿತಾ ಹುಟ್ಟಿಯೇ ಇರಲಿಲ್ಲ.

ಮತ್ತೆ 1973ಕ್ಕೆ ಬರೋಣ. ಆ ವರ್ಷ ಸರ್ಕಾರ ಬದಲಾಗಿತ್ತು, ಫಿನೆ ಗೇಲ್ ಮತ್ತು ಲೇಬರ್ ಪಕ್ಷಗಳ ಕೂಟ ಬಂದಿತ್ತು. ವರ್ಷದ ಕೊನೆಗೆ ರಾಬಿನ್‌ಸನ್ ಎರಡನೇ ಮಸೂದೆ ತಂದರು. ಹೆಸರು ಬದಲಿಸಿದ್ದರು. ಮೊದಲಿನದು ಅಪರಾಧ ಕಾನೂನಿನ ತಿದ್ದುಪಡಿ, ಇದು ಕುಟುಂಬ ಯೋಜನೆ ಮಸೂದೆ. ಸಣ್ಣ ವಿಷಯದ ಹಾಗೆ ಕಾಣುತ್ತದೆ, ಆದರೆ ಪಾಠ ಕಲಿತದ್ದು ಇಲ್ಲೇ ಗೊತ್ತಾಗುವುದು. ಪಾಪ, ಅಪರಾಧದ ಮಾತು ಬಿಟ್ಟು ಆರೋಗ್ಯದ ಮಾತಿಗೆ ಬಂದರು. ಈ ಸಲ ಅಚ್ಚಾಯಿತು. ಚರ್ಚೆಯೂ ನಡೆಯಿತು. 1974ರ ಮಾರ್ಚ್‌ನಲ್ಲಿ 32ಕ್ಕೆ 10 ಮತಗಳಲ್ಲಿ ಬಿತ್ತು. ಸಂಖ್ಯೆ ನೋಡಿದರೆ ಮೊದಲಿಗಿಂತ ಹೀನಾಯ. ಆದರೆ ಅಷ್ಟರಲ್ಲಿ ಸರ್ಕಾರವೇ ತನ್ನ ಮಸೂದೆ ತರುವ ಇಕ್ಕಟ್ಟಿಗೆ ಸಿಕ್ಕಿಕೊಂಡಿತ್ತು. ಕೋರ್ಟ್ ಒಂದು ಕಡೆ ಒತ್ತುತ್ತಿದ್ದರೆ, ಇನ್ನೊಂದು ಕಡೆ ಈ ಸೆನೆಟರ್ ಸಿದ್ಧ ಮಸೂದೆ ಹಿಡಿದು ನಿಂತಿದ್ದರು.

ಸರ್ಕಾರದ ಮಸೂದೆ ಕಾನೂನು ಮಂತ್ರಿ ಪ್ಯಾಟ್ರಿಕ್ ಕೂನಿ ತಂದದ್ದು. ಮದುವೆಯಾದವರಿಗೆ ಮಾತ್ರ ಎಂಬ ಬಿಗಿ ಷರತ್ತು ಅದರಲ್ಲಿತ್ತು. ಜುಲೈ 16ರಂದು ಡಾಯ್ಲ್‌ನಲ್ಲಿ ಮತಕ್ಕೆ ಬಂತು. ಆಗ ನಡೆದದ್ದನ್ನು ನಾಟಕದಲ್ಲಿ ಬರೆದರೆ ಜನ ಒಪ್ಪುವುದಿಲ್ಲ. ಪ್ರಧಾನಿ ಲಿಯಮ್ ಕಾಸ್‌ಗ್ರೇವ್ ಯಾರಿಗೂ ಒಂದು ಮಾತು ಹೇಳದೆ ಎದ್ದು ಹೋಗಿ, ತಮ್ಮದೇ ಸರ್ಕಾರದ ಮಸೂದೆಗೆ ವಿರುದ್ಧವಾಗಿ ಮತ ಹಾಕಿದರು. ಶಿಕ್ಷಣ ಮಂತ್ರಿ ರಿಚರ್ಡ್ ಬರ್ಕ್ ಕೂಡ. ಮಸೂದೆ 75ಕ್ಕೆ 61ರಲ್ಲಿ ಬಿತ್ತು.

ಆ ಡಿಸೆಂಬರ್‌ನಲ್ಲೇ ರಾಬಿನ್‌ಸನ್ ಮೂರನೇ ಮಸೂದೆ ತಂದರು! ಹಟ ಅನ್ನಿ, ಲೆಕ್ಕಾಚಾರ ಅನ್ನಿ. ಅದೂ ಪಾಸಾಗಲಿಲ್ಲ. ಆದರೆ ಕಲಾಪ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂತಿತ್ತು. ಆ ಪಟ್ಟಿ ತೆಗೆದಾಗಲೆಲ್ಲ ಅದು ಕಾಣುತ್ತಿತ್ತು.

ಮುಂದಿನದನ್ನು ಬೇಗ ಹೇಳುತ್ತೇನೆ. 1979ರಲ್ಲಿ ಆರೋಗ್ಯ ಮಂತ್ರಿ ಚಾರ್ಲ್ಸ್ ಹಾಹಿ ಒಂದು ಕಾಯ್ದೆ ತಂದು, ಇದು ಐರಿಷ್ ಸಮಸ್ಯೆಗೆ ಐರಿಷ್ ಪರಿಹಾರ ಎಂದರು. ಕಾಂಡೋಮ್‌ಗೂ ಡಾಕ್ಟರ್ ಚೀಟಿ ಬೇಕು, ಅದೂ ನಿಜವಾದ ಕುಟುಂಬ ಯೋಜನೆಗೆ ಮಾತ್ರ. ಇವತ್ತಿಗೂ ಐರ್ಲೆಂಡಿನಲ್ಲಿ ಅರೆಬರೆ ಕಾನೂನು ಬಂದಾಗ ಗೇಲಿ ಮಾಡಲು ಆ ಮಾತನ್ನೇ ಬಳಸುತ್ತಾರೆ. 1985ರಲ್ಲಿ ಬ್ಯಾರಿ ಡೆಸ್ಮಂಡ್ ಅದನ್ನು ಸಡಿಲಿಸಿದರು, 18 ದಾಟಿದವರಿಗೆ ಚೀಟಿ ಬೇಡ ಎಂದರು. 83ಕ್ಕೆ 80ರಲ್ಲಿ ಪಾಸಾಯಿತು. ಆ ಚರ್ಚೆಯಲ್ಲಿ ವಿರೋಧ ಪಕ್ಷದ ಡೆಸ್ಮಂಡ್ ಒ'ಮ್ಯಾಲಿ, ನಾನು ಗಣರಾಜ್ಯದ ಪರ ನಿಲ್ಲುತ್ತೇನೆ ಎಂದು ಹೇಳಿ ಮತ ಹಾಕದೆ ಉಳಿದರು. ಅವರ ಪಕ್ಷ ಅವರನ್ನು ಹೊರಗೆ ಹಾಕಿತು. ಧರ್ಮ ಬೇರೆ, ದೇಶದ ಕಾನೂನು ಬೇರೆ ಎಂಬ ಅವರ ಆ ಭಾಷಣ ಓದಿದರೆ, 1971ರಲ್ಲಿ ಮೂವರು ಸೆನೆಟರುಗಳು ಹೇಳಲು ಹೊರಟಿದ್ದೇ ಅಲ್ಲಿ ಕೇಳಿಸುತ್ತದೆ. 14 ವರ್ಷದ ನಂತರ, ಇನ್ನೊಂದು ಮನೆಯಲ್ಲಿ, ಬೇರೆಯವರ ಬಾಯಲ್ಲಿ.

ರಾಬಿನ್‌ಸನ್ 1989ರಲ್ಲಿ ಶ್ಯಾನಡ್ ಬಿಟ್ಟರು. ಮರುವರ್ಷ ರಾಷ್ಟ್ರಪತಿ ಚುನಾವಣೆ ಗೆದ್ದಾಗ, ತೊಟ್ಟಿಲು ತೂಗುವ ಬದಲು ವ್ಯವಸ್ಥೆಯನ್ನೇ ತೂಗಿದ ಐರ್ಲೆಂಡಿನ ಹೆಂಗಸರಿಗೆ ಕೃತಜ್ಞತೆ ಹೇಳಿದರು. 1990ರ ಡಿಸೆಂಬರ್ 3ರಂದು ಅಧಿಕಾರ ವಹಿಸಿಕೊಂಡರು.

ಇದಾಗಿ ಕೆಲವೇ ವಾರಕ್ಕೆ, 1991ರ ಆರಂಭದಲ್ಲಿ, ಅದೇ ಡಬ್ಲಿನ್‌ನ ಕೋರ್ಟೊಂದರಲ್ಲಿ ಒಂದು ಮೇಲ್ಮನವಿ ವಿಚಾರಣೆಗೆ ಬಂತು. ಕುಟುಂಬ ಯೋಜನಾ ಸಂಘದವರು ವರ್ಜಿನ್ ಮೆಗಾಸ್ಟೋರ್ ಎಂಬ ಕ್ಯಾಸೆಟ್ ಅಂಗಡಿಯೊಳಗೆ ಕೌಂಟರ್ ಇಟ್ಟು ಕಾಂಡೋಮ್ ಮಾರಿದ್ದರು. ಔಷಧಿ ಅಂಗಡಿ ಅಲ್ಲದ ಕಡೆ ಮಾರಿದ್ದು ತಪ್ಪು ಎಂದು ಕೆಳಗಿನ ಕೋರ್ಟ್ 400 ಪೌಂಡ್ ದಂಡ ಹಾಕಿತ್ತು. ಮೇಲ್ಮನವಿ ಹೋದದ್ದಕ್ಕೆ ಅದು 500 ಆಯಿತು. ಯು2 ಬ್ಯಾಂಡಿನವರು ಆ ದಂಡ ಕಟ್ಟಿದರು. ಎರಡು ವರ್ಷದ ನಂತರ, 1993ರಲ್ಲಿ, ಕಾಂಡೋಮ್ ಮೇಲಿದ್ದ ಈ ನಿರ್ಬಂಧಗಳನ್ನು ಹೊಸ ಕಾಯ್ದೆ ತೆಗೆದುಹಾಕಿತು. ಮಷಿನ್‌ಗೆ ನಾಣ್ಯ ಹಾಕಿ ಕೊಳ್ಳಬಹುದು ಎಂದಾಯಿತು. ಆಗಲೂ ರಾಷ್ಟ್ರಪತಿ ಭವನದಲ್ಲಿ ಇದ್ದವರು ಮೇರಿ ರಾಬಿನ್‌ಸನ್.